ಹುಟ್ಟಿದ್ದು ಕೊಲಂಬೊದಲ್ಲಿ

ನಾನು ಹುಟ್ಟಿದ್ದು ಕೊಲಂಬೊದಲ್ಲಿ. ಮಂಗಳೂರಿನ ಅಪ್ಪ ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು, ಉಮ್ಮ ಅಲ್ಲಿಯವರೇ. ಇಬ್ಬರೂ ತೀರಿಕೊಂಡ ಮೇಲೆ ಅಜ್ಜಿ ನನ್ನನ್ನು ಇಲ್ಲಿಗೆ ಕರೆತಂದರು. ಆಗಿನ್ನೂ ನನಗೆ ಶಾಲೆಗೆ ಹೋಗುವ ವಯಸ್ಸಲ್ಲ. ಓದು, ಮದುವೆ, ಹೆರಿಗೆ ಎಲ್ಲವೂ ಮಂಗಳೂರಿನ ಫಳ್ನೀರಿನ ಸುತ್ತಮುತ್ತಲೇ. ಪಾಸ್‌ಪೋರ್ಟ್ ಮಾತ್ರ ಶ್ರೀಲಂಕಾದ್ದು. ಪ್ರತಿ ಸಲ ವೀಸಾ ಮುಂದುವರಿಸುತ್ತಿದ್ದರು. ಕಳೆದ ವರ್ಷ ಆಗುವುದಿಲ್ಲ ಅಂದರು.

ಒಂದು ಬೆಳಿಗ್ಗೆ ಮೀನು ತೊಳೆಯುತ್ತಿದ್ದಾಗ ಇಬ್ಬರು ಮಹಿಳಾ ಪೊಲೀಸರು ಬಾಗಿಲಿಗೆ ಬಂದರು. "ಆಫೀಸಿಗೆ ಬನ್ನಿ, ಒಂದು ಸೈನ್ ಉಂಟು, ಅಷ್ಟೆ." ಕೈಯ ವಾಸನೆ ಹೋಗುವ ಮೊದಲೇ ಜೀಪು ಹತ್ತಿದೆ. ಸ್ಕೂಟರಿನಲ್ಲಿ ಹಿಂದೆಯೇ ಬಂದ ಗಂಡನನ್ನು ವೀಸಾ ಕಚೇರಿಯ ಗೇಟಿನಲ್ಲೇ ನಿಲ್ಲಿಸಿದರು.

ಹುಬ್ಬಳ್ಳಿ ಕಡೆಯ ಅಧಿಕಾರಿ ಕಾಗದವೊಂದನ್ನು ಮುಂದಿಟ್ಟರು. ಸ್ವಂತ ಇಚ್ಛೆಯಿಂದ ದೇಶ ಬಿಡುತ್ತೇನೆ ಎಂದು ಅದರಲ್ಲಿತ್ತು. ಕೊಲಂಬೊದಲ್ಲಿ ನನಗೆ ಗುರುತಿನ ಒಂದು ಮುಖವಿಲ್ಲ, ಸಿಂಹಳ ಬಾರದು.

"ವಕೀಲರ ಹತ್ತಿರ ಕೇಳಬೇಕು," ಅಂದೆ.

"ವಕೀಲರು ಯಾಕ್ರೀ ಅಮ್ಮಾ? ನೀವೇನು ಕಳ್ಳತನ ಮಾಡೀರೇನು? ಕೇಸ್ ಇದ್ರ ವಕೀಲರು ಬೇಕು. ಇದು ಬರೇ ಕಳಿಸೋ ಕೆಲಸ."

ಅವರು ಗದರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಪೆನ್ನು ತೆಗೆದುಕೊಂಡೆ.

ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ತುಳು ಮನೆಮಾತಿನ ವಕೀಲೆಯೊಬ್ಬರಿದ್ದಾರೆ. ಗಂಡ ಅವರಿಗೆ ಫೋನ್ ಮಾಡಿದ್ದರಂತೆ. ಅವರನ್ನೂ ಒಳಗೆ ಬಿಡಲಿಲ್ಲ. ಅವರು ಕಟ್ಟಡ ಸುತ್ತಿ ಬಂದು ಕಿಟಕಿಯಿಂದ ಕೂಗಿದರು, "ಅಕ್ಕಾ, ಸೈನ್ ಪಾಡೊಡ್ಚಿ!"

"ಏನಂದ್ರು ಅವರು?" ಅಧಿಕಾರಿ ಕೇಳಿದರು.

"ಸೈನ್ ಹಾಕಬೇಡಿ ಅಂದ್ರು."

ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ. ಪೆನ್ನು ಕೆಳಗಿಟ್ಟು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತೆ. ಹಾಗೇ ಕೂರಿಸಿಟ್ಟು ಸಂಜೆ ಬಿಟ್ಟರು. "ನಾಳೆ ಮತ್ತೆ ಬರ್ರಿ," ಅಂದರು.

ವಕೀಲೆ ಅಷ್ಟರೊಳಗೆ ಹೈಕೋರ್ಟಿಗೆ ಅರ್ಜಿ ಕಳಿಸಿಯಾಗಿತ್ತು. ನನ್ನ ಮಾತು ಕೇಳದೆ ಕಳಿಸಬಾರದು, ವಿಚಾರಣೆಯಲ್ಲಿ ವಕೀಲರು ಜೊತೆಗಿರಬಹುದು ಎಂದು ಆದೇಶ ಬಂತು. ಈಗ ತಿಂಗಳಿಗೊಮ್ಮೆ ಹಾಜರಾಗುತ್ತೇನೆ, ಅವರು ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಕೇಸ್ ಮುಗಿದಿಲ್ಲ. ಇಲ್ಲೇ ಇರುತ್ತೇನೋ ಇಲ್ಲವೋ, ಅವರಿಗೂ ಗೊತ್ತಿಲ್ಲ.

ಕಾಲಿಂಗ್ ಬೆಲ್ ಆದರೆ ಈಗಲೂ ಎದೆ ಹಾರುತ್ತದೆ. ಮಗಳು ಕಾಲೇಜಿನಿಂದ ಬಂದಾಗ ಬೆಲ್ ಮುಟ್ಟುವುದಿಲ್ಲ. "ಉಮ್ಮಾ, ನಾನೇ," ಎಂದು ಮೆಟ್ಟಿಲಿನಿಂದಲೇ ಕೂಗುತ್ತಾಳೆ.