ಕ್ಲೈಡ್ ಕೆಳಗಿಟ್ಟ ರಿವಾಲ್ವರ್

ಬೆಳಗಿನ ಐದೂವರೆ. ಒಕ್ಲಹೋಮದ ಮಸ್ಕೋಗಿ ಊರಿನ ಅಂಚಿನಲ್ಲಿ ಒಂದು ಮನೆಯ ಹಿಂದಿನ ವರಾಂಡದಲ್ಲಿ ಮಾತ್ರ ದೀಪ ಹತ್ತಿದೆ. ಡೆಲ್ಲಾ ಮಕ್ರೇ ಕಾಫಿ ಲೋಟವನ್ನು ದೂರ ಸರಿಸಿ, ಟವೆಲ್ ಮೇಲಿದ್ದ ರಿವಾಲ್ವರನ್ನು ಎತ್ತಿಕೊಂಡು, ನಡು ಮಡಚಿ ತೆರೆದು, ಗುಂಡು ತುಂಬುವ ಐದೂ ತೂತುಗಳಲ್ಲಿ ದೀಪದ ಬೆಳಕು ಕಾಣುತ್ತದೆಯೇ ಎಂದು ನೋಡುತ್ತಾರೆ. ಒಳಗೆ ಗುಂಡಿಲ್ಲ ಎಂಬುದು ಅವರಿಗೆ ನಿನ್ನೆಯೂ ಗೊತ್ತಿತ್ತು, ಮೊನ್ನೆಯೂ ಗೊತ್ತಿತ್ತು. "ಇಪ್ಪತ್ತಾರು ವರ್ಷದಿಂದ ಹೀಗೇ ನೋಡ್ತಿದೀನಿ. ಒಂದು ದಿನ ಬಿಟ್ಟೆ ಅನ್ನಿ, ಅವತ್ತೇ ಗುಂಡು ಇರುತ್ತೆ" ಎನ್ನುತ್ತಾರೆ.

ಅರವತ್ತಮೂರರ ಡೆಲ್ಲಾ ಹಳೆಯ ರಿವಾಲ್ವರ್‌ಗಳನ್ನು ತೊಳೆದು ಕೊಡುವವರು. ಸಂಗ್ರಾಹಕರು ಹರಾಜಿನಲ್ಲೋ ಅಂಗಡಿಯಲ್ಲೋ ಕೊಂಡು ತಂದ, ಅಜ್ಜಂದಿರ ಕಾಲದ ಜಿಡ್ಡು ಮೆತ್ತಿದ ಕಬ್ಬಿಣ ಅವರ ಮೇಜಿಗೆ ಬರುತ್ತದೆ. ತಿಂಗಳಿಗೆ ನಾಲ್ಕು, ಒಂದೊಂದಕ್ಕೆ ಹತ್ತು ಗಂಟೆ. ಹಲ್ಲುಜ್ಜುವ ಬ್ರಷ್ಷು, ಹತ್ತಿ ಸುತ್ತಿದ ಕಡ್ಡಿ, ಮೆತ್ತಗಿನ ಹಳೆಯ ಬನಿಯನ್ನು, ಎಣ್ಣೆ. ತುಕ್ಕು ಕೆರೆಯಲು ಒಂದು ಹಳೆಯ ತಾಮ್ರದ ನಾಣ್ಯ. ಮೆತ್ತನೆಯ ತಾಮ್ರ ತುಕ್ಕನ್ನು ಎಬ್ಬಿಸುತ್ತದೆ, ಉಕ್ಕಿಗೆ ಗೀರು ಹಾಕುವುದಿಲ್ಲ. ಪ್ರತಿಯೊಂದು ತಿರುಪಿಗೂ ತಕ್ಕಂತೆ ಅರದಿಂದ ತುದಿ ಉಜ್ಜಿಕೊಂಡ ತಿರುಪುಳಿಗಳು ಮೂವತ್ತೊಂದಿವೆ.

ಕೆಲಸ ಕಲಿತದ್ದು ಗಂಡ ವೇಡ್‌ನಿಂದ. ಅವನು ಬಂದೂಕು ರಿಪೇರಿಯವನು, ಇವರು ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ವೇಡ್‌ಗೆ ಕೈ ನಡುಗುವ ಕಾಯಿಲೆ ಶುರುವಾದಾಗ ಅವನು ಬಾಯಲ್ಲಿ ಹೇಳುತ್ತಾ ಹೋದ, ಇವರು ಕೈಯಲ್ಲಿ ಮಾಡುತ್ತಾ ಹೋದರು. ಅವನು ತೀರಿಕೊಂಡ ಮೇಲೂ ಜನ ತಂದುಕೊಡುವುದು ನಿಲ್ಲಿಸಲಿಲ್ಲ. "ಅವನು ಮೊದಲು ಕಲಿಸಿದ್ದು ತೊಳೆಯೋದನ್ನಲ್ಲ, ಸಾಕು ಅಂತ ಕೈ ತೆಗೆಯೋದನ್ನ. ಫಳಫಳ ಅನ್ನೋ ಹಾಗೆ ಉಜ್ಜಿಬಿಟ್ರೆ ಮುಗೀತು, ಮೂರು ಸಾವಿರದ ವಸ್ತು ಮುನ್ನೂರಕ್ಕೆ ಇಳಿಯುತ್ತೆ. ಕೊಳೆ ಹೋಗ್ಬೇಕು, ವಯಸ್ಸು ಹೋಗ್ಬಾರ್ದು."

ಇದೆಲ್ಲ ಕೇಳಲು ಚೆನ್ನಾಗಿದೆ. ಆದರೆ ಡೆಲ್ಲಾ ಸಂತೃಪ್ತ ಜೀವಿ ಎಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಅವರಿಗೆ ಹೊಟ್ಟೆಕಿಚ್ಚು, ಅದೂ ಸಣ್ಣ ಪ್ರಮಾಣದ್ದಲ್ಲ. ಅದಕ್ಕೆ ಹೆಸರೂ ಇದೆ: ಕ್ಲೈಡ್ ವಾಸ್.

ಕ್ಲೈಡ್ ಈ ಸೀಮೆಯ ದೊಡ್ಡ ಸಂಗ್ರಾಹಕ, ಜಾನುವಾರು ಮೇವಿನ ಅಂಗಡಿಯ ಯಜಮಾನ, ಜೋರು ಗಂಟಲಿನ ಮನುಷ್ಯ. ಪ್ರತಿ ವರ್ಷ ಸಂಗ್ರಾಹಕರ ಪ್ರದರ್ಶನದಲ್ಲಿ ಗೆದ್ದ ರಿವಾಲ್ವರ್‌ಗೆ ಮೊದಲ ಬಹುಮಾನದ ನೀಲಿ ರಿಬ್ಬನ್ ಕಟ್ಟುತ್ತಾರೆ. ಕ್ಲೈಡ್‌ನ ಅಂಗಡಿ ಗೋಡೆಯ ಮೇಲೆ ಅಂಥವು ಹನ್ನೊಂದಿವೆ. ಅವುಗಳಲ್ಲಿ ಒಂಬತ್ತು ಡೆಲ್ಲಾ ತೊಳೆದುಕೊಟ್ಟ ರಿವಾಲ್ವರ್‌ಗಳಿಗೆ ಬಂದವು. ಪ್ರದರ್ಶನದಲ್ಲಿ ಮೇಜಿನ ಮೇಲೆ ಇಡುವ ಚೀಟಿಯಲ್ಲಿ ಮಾಲೀಕರ ಹೆಸರಿಗೆ ಒಂದು ಗೆರೆ ಇದೆ, ತಯಾರಾದ ವರ್ಷಕ್ಕೆ ಒಂದು ಗೆರೆ ಇದೆ. ತೊಳೆದವರಿಗೆ ಗೆರೆಯಿಲ್ಲ.

"ಮೇವು ತರೋಕೆ ಆ ಅಂಗಡಿಗೆ ಹೋಗೋದನ್ನೇ ಬಿಟ್ಟೆ" ಎನ್ನುತ್ತಾರೆ ಡೆಲ್ಲಾ. "ಕೋಳಿಗಳಿಗೆ ಹನ್ನೆರಡು ಮೈಲಿ ಆಚೆಯಿಂದ ತರ್ತೀನಿ. ಆ ಗೋಡೆ ನೋಡೋಕಾಗಲ್ಲ ನನಗೆ. ಬಹುಮಾನ ತಂದ ರಿವಾಲ್ವರ್‌ಗಳ ಸಂದಿಸಂದಿಯ ಕೊಳೆ ತೆಗೆದವಳು ನಾನು, ಫೋಟೋದಲ್ಲಿ ಹಲ್ಲು ಬಿಡೋನು ಅವನು."

ಇವತ್ತು ಮೇಜಿನ ಮೇಲಿರುವುದು ಮಾತ್ರ ಡೆಲ್ಲಾ ಅವರ ಸ್ವಂತದ್ದು. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ, ಹತ್ತು ಗಂಟೆಗೆ, ಪ್ರದರ್ಶನದ ಒಂದು ಮೇಜಿನ ಮೇಲೆ ಮಾಲೀಕರ ಗೆರೆಯಲ್ಲಿ ಅವರ ಹೆಸರಿರುತ್ತದೆ.

ಅದು ಸಿಕ್ಕಿದ್ದು ಮಾರ್ಚ್ ತಿಂಗಳಲ್ಲಿ, ತೀರಿಕೊಂಡ ರೈತನೊಬ್ಬನ ಮನೆ ಸಾಮಾನಿನ ಹರಾಜಿನಲ್ಲಿ. ಹಾಸಿಗೆ, ಹಾಲಿನ ಕ್ಯಾನು, ಹೊಲಿಗೆ ಯಂತ್ರಗಳ ನಡುವೆ ನಿಕಲ್ ಲೇಪದ ಪುಟ್ಟ ರಿವಾಲ್ವರ್. ನೂರಮೂವತ್ತು ವರ್ಷ ಹಳೆಯದು, ಮುತ್ತಿನ ಚಿಪ್ಪಿನ ಹಿಡಿ. ಕ್ಲೈಡ್ ಅದನ್ನು ಮೊದಲು ಎತ್ತಿಕೊಂಡ. ಬಲ್ಲವರು ಇಂಥದ್ದರಲ್ಲಿ ಮೊದಲು ನೋಡುವುದು ಟ್ರಿಗರ್ ಸುತ್ತಲಿನ ಬಳೆಯನ್ನು. ಆ ಕಾರ್ಖಾನೆ ಮೈಗೆಲ್ಲ ನಿಕಲ್ ಹಾಕಿದರೂ ಬಳೆಯನ್ನು ಕಪ್ಪುನೀಲಿಯಾಗಿಯೇ ಬಿಡುತ್ತಿತ್ತು. ಬಳೆಯೂ ಬೆಳ್ಳಗಿದ್ದರೆ ಯಾರೋ ಆಮೇಲೆ ಲೇಪ ಮಾಡಿಸಿದ್ದಾರೆ, ಅದು ಸಂಗ್ರಹಕ್ಕೆ ಲಾಯಕ್ಕಲ್ಲ ಎಂದು ಅರ್ಥ. ಈ ಬಳೆ ಬೆಳ್ಳಗಿತ್ತು.

"ಮರುಲೇಪ!" ಎಂದು ಕ್ಲೈಡ್ ಅಂಗಳಕ್ಕೆಲ್ಲ ಕೇಳುವಂತೆ ಸಾರಿ ಅದನ್ನು ಕೆಳಗಿಟ್ಟ. "ಕಾಗದ ಹಾರದ ಹಾಗೆ ಮೇಲಿಡೋಕೆ ಆಗುತ್ತೆ, ಅಷ್ಟೇ."

ಕ್ಲೈಡ್ ಇಟ್ಟದ್ದನ್ನು ಇನ್ನಾರೂ ಮುಟ್ಟಲಿಲ್ಲ. ಡೆಲ್ಲಾ ಎತ್ತಿಕೊಂಡರು. ಬಳೆ ಮೈಗೆ ಸೇರುವ ಸಂದಿಯಲ್ಲಿ ಬೆಳ್ಳಗಿನದು ತುಂಬಿಕೊಂಡು ನಿಂತಿತ್ತು, ಅದರಲ್ಲಿ ಒಂದು ಕೂದಲು ಅಂಟಿತ್ತು. ಬ್ರಷ್ಷಿನ ಕೂದಲು. ನಿಕಲ್ ಲೇಪಕ್ಕೆ ಯಾರೂ ಬ್ರಷ್ಷು ಹಿಡಿಯುವುದಿಲ್ಲ, ಇದು ಬರೀ ಬಣ್ಣ. ಆ ಮನೆಯ ಯಾವಳೋ ಒಬ್ಬ ಅಚ್ಚುಕಟ್ಟಿನ ಹೆಂಗಸು, ಇಷ್ಟು ಚಂದದ ವಸ್ತುವಿಗೆ ಇದೊಂದು ಕಡೆ ಯಾಕೆ ಕಪ್ಪು ಎಂದುಕೊಂಡು, ಒಲೆಯ ಹೊಗೆ ಕೊಳವೆಗೆ ತಂದ ಬೆಳ್ಳಿ ಬಣ್ಣವನ್ನು ಬಳಿದುಬಿಟ್ಟಿದ್ದಳು!

"ಎದೆ ಹೆಂಗೆ ಹೊಡ್ಕೊಳ್ತಿತ್ತು ಅಂದ್ರೆ, ಪಕ್ಕದವರಿಗೆ ಕೇಳಿಸ್ತೇನೋ ಅಂದ್ಕೊಂಡೆ" ಎಂದು ಡೆಲ್ಲಾ ನಗುತ್ತಾರೆ. "ಮುಖ ಮಾತ್ರ ಸಪ್ಪಗೆ ಇಟ್ಕೊಂಡೆ. ಕ್ಲೈಡ್ ಬಂದು, 'ಏನ್ ಡೆಲ್ಲಾ, ದುಡ್ಡು ಜಾಸ್ತಿ ಆಯ್ತಾ?' ಅಂದ. 'ಹಿಡಿ ಚೆನ್ನಾಗಿದೆ ಕ್ಲೈಡ್, ಹೆಂಗಸರಲ್ವಾ ನಾವು' ಅಂದೆ."

ಇನ್ನೂರ ನಲವತ್ತು ಡಾಲರಿಗೆ ಅದು ಅವರದಾಯಿತು. ಮನೆಗೆ ತಂದು ಹಿಡಿ ಬಿಚ್ಚಿದರೆ ಅದರ ಒಳಮೈಯಲ್ಲಿ ಗೀರಿದ್ದ ಸಂಖ್ಯೆ, ಬುಡದ ಸಂಖ್ಯೆ, ನಳಿಕೆ ಕೆಳಗಿನ ಸಂಖ್ಯೆ ಮೂರೂ ಒಂದೇ, ಅಂದರೆ ಯಾವ ಭಾಗವೂ ಬದಲಾಗಿಲ್ಲ. ಹತ್ತಿಗೆ ಅಸಿಟೋನ್ ಅದ್ದಿ, ದಿನಾ ಬೆಳಿಗ್ಗೆ ಒಂದಿಷ್ಟೊಂದಿಷ್ಟು, ಹನ್ನೊಂದು ದಿನ ಬಣ್ಣ ಬಿಡಿಸಿದರು. ಅಡಿಯಿಂದ ಕಪ್ಪುನೀಲಿ ಬಳೆ ಮೇಲೆ ಬಂತು, ಗಾಳಿ ಬೆಳಕು ಸೋಕದಿದ್ದರಿಂದ ಹೊಸದರಂತೆ.

ಪ್ರದರ್ಶನಕ್ಕೆ ಮೂರು ವಾರ ಇರುವಾಗ ಕ್ಲೈಡ್ ವರಾಂಡದ ಮೆಟ್ಟಿಲು ಹತ್ತಿ ಬಂದ. ಅವನ ಕೈಯಲ್ಲಿ ಅದೇ ಕಾರ್ಖಾನೆಯ, ಅದೇ ಮಾದರಿಯ ನಿಕಲ್ ರಿವಾಲ್ವರ್. ಟೆಕ್ಸಸ್‌ನಲ್ಲಿ ದೊಡ್ಡ ದುಡ್ಡು ಕೊಟ್ಟು ಕೊಂಡದ್ದು. "ಈ ವರ್ಷದ್ದು ಇದೇ ಡೆಲ್ಲಾ. ಚೆನ್ನಾಗಿ ನೋಡ್ಕೋ" ಎಂದು ಇಟ್ಟು ಹೋದ. ಮೇಜಿನ ಮೇಲೆ ಟವೆಲ್ ಅಡಿಯಲ್ಲಿ ಮುಚ್ಚಿಟ್ಟದ್ದು ಏನೆಂದು ಅವನಿಗೆ ಗೊತ್ತಿರಲಿಲ್ಲ.

ಕಪಾಟಿನಲ್ಲಿ ಅಮೋನಿಯಾ ಬೆರೆತ ದ್ರಾವಣದ ಸೀಸೆ ಇದೆ. ನಳಿಕೆಯೊಳಗಿನ ತಾಮ್ರ ಕರಗಿಸಲು ಅದು ಬೇಕು. ನಿಕಲ್ ಲೇಪದ ಕೆಳಗೂ ಎಷ್ಟೋ ಸಲ ತಾಮ್ರದ ತೆಳು ಪದರ ಇರುತ್ತದೆ. ಒಂದು ದಿನ ನೆನೆಯಲು ಬಿಟ್ಟರೆ ದ್ರಾವಣ ಸಂದಿಯಿಂದ ಒಳನುಗ್ಗಿ, ಮೇಲಿನ ನಿಕಲ್ ಸಿಪ್ಪೆಸಿಪ್ಪೆಯಾಗಿ ಏಳುತ್ತದೆ. ಯಾರನ್ನೂ ದೂರುವಂತಿಲ್ಲ, ಹಳೆಯ ಲೇಪ ಎಂದರೆ ಮುಗಿಯಿತು.

"ಅವನದ್ದನ್ನ ತಟ್ಟೆಯಲ್ಲಿ ಇಟ್ಟೆ, ಸೀಸೆ ಮುಚ್ಚಳ ತೆಗೆದೆ" ಎಂದು ಡೆಲ್ಲಾ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. "ಸುಳ್ಳು ಯಾಕೆ ಹೇಳ್ಲಿ? ಮೂಗಿಗೆ ಘಾಟು ಬಡೀತು. ಆ ಬಂದೂಕು ನನಗೇನು ಮಾಡಿತ್ತು? ನೂರಮೂವತ್ತು ವರ್ಷ ಹೇಗೋ ಬದುಕ್ಕೊಂಡು ಬಂದಿದೆ, ನನ್ನ ಕೈಯಲ್ಲೇ ಸಾಯ್ಬೇಕಾ? ಮುಚ್ಚಳ ಹಾಕ್ದೆ. ಬೈಕೊಂಡೇ ತೊಳೆದೆ. ಯಾವತ್ತೂ ಅಷ್ಟು ಚೆನ್ನಾಗಿ ತೊಳೆದಿರ್ಲಿಲ್ಲ, ಅದೇ ಸಿಟ್ಟು ನನಗೆ."

ಹತ್ತು ಗಂಟೆಗೆ ಸಭಾಂಗಣ ತುಂಬಿದೆ. ಹಸಿರು ಬಟ್ಟೆ ಹಾಸಿದ ಮೇಜುಗಳ ನಡುವೆ ತೀರ್ಪುಗಾರರು ಮೂವರು, ಕೈಗೆ ಬಿಳಿ ಗವುಸು, ಕಣ್ಣಿಗೆ ಭೂತಗನ್ನಡಿ. ಡೆಲ್ಲಾ ಮೇಜಿನ ಮುಂದೆ ಅವರು ಬಹಳ ಹೊತ್ತು ನಿಲ್ಲುತ್ತಾರೆ. ಬಳೆಯನ್ನು ನೋಡಿ ಒಬ್ಬರ ಮುಖ ಇನ್ನೊಬ್ಬರು ನೋಡುತ್ತಾರೆ. "ಮಿಸ್ ಡೆಲ್ಲಾ, ಇಂಥ ಬಳೆ ನಾನು ನೋಡಿಲ್ಲ" ಎನ್ನುತ್ತಾನೆ ಕಿರಿಯವನು. ಡೆಲ್ಲಾ ಎರಡೂ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದು ಕೂತಿದ್ದಾರೆ.

ಹನ್ನೆರಡಕ್ಕೆ ಫಲಿತಾಂಶ ಬರುತ್ತದೆ. ನೀಲಿ ರಿಬ್ಬನ್ ಕ್ಲೈಡ್‌ಗೆ, ಎರಡನೆಯದರ ಕೆಂಪು ಡೆಲ್ಲಾಗೆ. ಇವರದ್ದರ ನಳಿಕೆಯ ತುದಿಯಲ್ಲಿ ಜೋಳದ ಕಾಳಿನಷ್ಟು ನಿಕಲ್ ಎದ್ದಿದೆ. ಕ್ಲೈಡ್‌ನದರಲ್ಲಿ ಒಂದು ಕುಂದೂ ಇಲ್ಲ. ಇಲ್ಲದಂತೆ ನೋಡಿಕೊಂಡವರು ಯಾರೆಂದು ಡೆಲ್ಲಾಗೆ ಗೊತ್ತು. ಅವರ ಮುಖ ಕೆಂಪೇರುತ್ತದೆ.

ಅಷ್ಟರಲ್ಲಿ ಕ್ಲೈಡ್ ಬರುತ್ತಾನೆ. ರಿಬ್ಬನ್ ಜೇಬಿಗೆ ತುರುಕಿಕೊಂಡಿದ್ದಾನೆ. ಕಣ್ಣೆಲ್ಲ ಆ ಕಪ್ಪುನೀಲಿ ಬಳೆಯ ಮೇಲೆ.

"ಇದು ಆ ಹರಾಜಿನದ್ದಲ್ವಾ?"

"ಅದೇ."

"ನಾನು ಕೈಯಲ್ಲಿ ಹಿಡಿದಿದ್ದೆನಲ್ಲ ಡೆಲ್ಲಾ!"

"ಹಿಡಿದಿದ್ದೆ. ಕೆಳಗೂ ಇಟ್ಟೆ."

"ಎರಡು ಸಾವಿರ ಕೊಡ್ತೀನಿ."

"ಬೇಡ."

ಅವನು ಹೋಗುತ್ತಾನೆ, ಮತ್ತೆ ಬರುತ್ತಾನೆ. ಮೂರು ಸಾವಿರ ಎನ್ನುತ್ತಾನೆ. ಬೇಡ. ಇನ್ನೊಂದು ಸಲ ಬಂದು ಬೆಲೆಯನ್ನೇ ಹೇಳದೆ ಸುಮ್ಮನೆ ನೋಡುತ್ತಾ ನಿಲ್ಲುತ್ತಾನೆ. ಜನ ಅವನ ಬೆನ್ನು ತಟ್ಟಿ ಅಭಿನಂದಿಸಿದರೆ ಅವನಿಗೆ ಕೇಳಿಸುತ್ತಲೇ ಇಲ್ಲ.

ಮುಂದಿನ ಆಸೆ ಏನು ಎಂದು ಕೇಳಿದರೆ ಡೆಲ್ಲಾ ಮೇಜಿನ ಮೇಲಿನ ಚೀಟಿಯನ್ನು ಬೆರಳಿನಿಂದ ತಟ್ಟುತ್ತಾರೆ. "ಚೀಟಿಯಲ್ಲಿ ತೊಳೆದವರ ಹೆಸರಿಗೂ ಒಂದು ಗೆರೆ ಹಾಕ್ಲಿ. ದೊಡ್ಡದೇನೂ ಬೇಡ." ಆಮೇಲೆ ಗದ್ದದಿಂದಲೇ ಎದುರಿನ ಮೇಜನ್ನು ತೋರಿಸುತ್ತಾರೆ. ಅಲ್ಲಿ ಕ್ಲೈಡ್‌ನ ಮುಂದೆ ಹಂದಿಮಾಂಸದ ಸ್ಯಾಂಡ್‌ವಿಚ್ ಬಿಚ್ಚಿದ ಹಾಗೆಯೇ ತಣ್ಣಗಾಗುತ್ತಿದೆ.

"ನೋಡಿ ಅವನನ್ನ, ಒಂದು ತುತ್ತೂ ಇಳೀತಿಲ್ಲ" ಎನ್ನುತ್ತಾರೆ ಡೆಲ್ಲಾ, ದನಿ ತಗ್ಗಿಸಿ. "ಇಪ್ಪತ್ತಾರು ವರ್ಷ ಈ ಹಾಲ್‌ನಲ್ಲಿ ನನಗೂ ಹಂಗೇ ಆಗ್ತಿತ್ತು. ಇವತ್ತು ನನಗೆ ಹಸಿವಾಗ್ತಿದೆ."