ಊಟವಾದ ಮೇಲಿನ ಹಸಿವು

ಗೋಡೆಯ ಮೇಲಿನ ಮಗು ನನ್ನನ್ನೇ ನೋಡುತ್ತಿತ್ತು.

ಬಸುರಿಯರ ಕೋಣೆಯಲ್ಲಿ ಅಂಟಿಸುತ್ತಾರಲ್ಲ, ಗುಂಡು ಕೆನ್ನೆಯ ಮಗುವಿನ ಪೋಸ್ಟರ್, ಅದೇ. (ದಿನಾ ನೋಡುತ್ತಿದ್ದರೆ ಹುಟ್ಟುವ ಕೂಸೂ ಹಾಗೇ ಇರುತ್ತದಂತೆ.) ಕಳೆದ ಭಾನುವಾರ ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿರುವ ಚಿಕ್ಕಮ್ಮನ ಮಗಳು ಸವಿತಳನ್ನು ನೋಡಲು ಹೋಗಿದ್ದೆ. ಅವಳಿಗೀಗ ಏಳು ತಿಂಗಳು. ಪೋಸ್ಟರಿನ ಕೆಳಗೆ ಕೂತು ಊಟ ಮಾಡುತ್ತಿದ್ದಳು.

ಮುದ್ದೆ, ಸಾರು, ಅನ್ನ, ಮೇಲೆ ಒಬ್ಬಟ್ಟು. ಮುಗಿಸಿ ಕೈ ತೊಳೆದಳು. ನಾನು ಬಸ್ಸಿನ ರಶ್ಶಿನ ಕಥೆ ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣು ಅಡುಗೆಮನೆಯ ಕಡೆ ಹೊರಳಿತ್ತು. ಅವಳ ಅತ್ತೆ ಜಯಮ್ಮ ಇನ್ನೊಂದು ತಟ್ಟೆ ತಂದಿಟ್ಟರು. ಸವಿತ ಮತ್ತೆ ತಿಂದಳು. ಮುಖದಲ್ಲಿ ರುಚಿಯ ಗುರುತೇ ಇಲ್ಲ. ಯಾರಿಗೋ ಉಣಿಸುತ್ತಿರುವಂತೆ ಕೈ ಮಾತ್ರ ಏಳುತ್ತಿತ್ತು, ಇಳಿಯುತ್ತಿತ್ತು.

ಜಯಮ್ಮ ಒಳಗೆ ಹೋದಾಗ ಸವಿತ ಪಿಸುಗುಟ್ಟಿದಳು: “ಉಂಡು ಎದ್ರೆ ಉಂಡೇ ಇಲ್ಲ ಅನ್ನಿಸ್ತದೆ ಕಣಕ್ಕ. ಭಯ ಆಯ್ತದೆ.”

ಸವಿತ ಮೊದಲೇ ದಪ್ಪ. ಈಗ ಶುಗರ್ ಕೂಡ ಏರಿದೆ. ಊಟ ಹಿಡಿತದಲ್ಲಿರಲಿ, ಆಗಲೂ ಇಳಿಯದಿದ್ದರೆ ಇನ್ಸುಲಿನ್ ಎಂದು ಡಾಕ್ಟರ್ ಹೇಳಿದ್ದಾರೆ. ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆ ಎಂಬುದು ಜಯಮ್ಮನ ಹೆದರಿಕೆ. ಯಾವುದು ಗೆಲ್ಲುತ್ತದೆ, ಹೇಳಿ?

ನಾನು ಓದಿದ್ದು ಜೀವರಸಾಯನಶಾಸ್ತ್ರ. ಉಂಡದ್ದು ಒಳಗಿಳಿದಂತೆ ಕರುಳು ಕೆಲವು ಹಾರ್ಮೋನುಗಳನ್ನು ಕಳಿಸುತ್ತದೆ. ಅವು ಮಿದುಳಿಗೆ ‘ಸಾಕು’ ಅನ್ನುತ್ತವೆ, ಮೇದೋಜೀರಕ ಗ್ರಂಥಿಗೆ ‘ಇನ್ಸುಲಿನ್ ಬಿಡು’ ಅನ್ನುತ್ತವೆ. ಕೆಲವು ಬಸುರಿಯರಲ್ಲಿ ಆ ದನಿ ಕ್ಷೀಣಿಸುತ್ತದೆ. ಹೊಟ್ಟೆ ತುಂಬಿದ್ದರೂ ಸುದ್ದಿ ಮುಟ್ಟುವುದಿಲ್ಲ. ಇದು ಹೊಟ್ಟೆಬಾಕತನವಲ್ಲ.

ಸ್ಕ್ಯಾನಿಂಗ್‌ನಲ್ಲಿ ಮಗು ತಿಂಗಳಿಗೆ ಮೀರಿ ಬೆಳೆದಿದೆ ಎಂದರಂತೆ. ಜಯಮ್ಮ ಅದನ್ನು ಹೆಮ್ಮೆಯಿಂದಲೇ ಹೇಳಿದರು. ಅದು ತಾಯಿಯ ಸಕ್ಕರೆ ಹರಿದು ಬಂದ ದಪ್ಪ, ಹೆರಿಗೆ ಕಷ್ಟವಾಗಬಹುದು, ಹುಟ್ಟಿದೊಡನೆ ಕೂಸಿನ ಸಕ್ಕರೆ ಕುಸಿಯಬಹುದು ಎಂದು ನಾನು ವಿವರಿಸಿದೆ.

ಅವರ ನೋಟ ಸೊಸೆಯ ಹೊಟ್ಟೆಯ ಮೇಲೆ ನಿಂತಿತು.

“ಅಂಗಾರೆ ಇಷ್ಟೊಂದು ಊಟ ಕೇಳ್ತಿರೋದು ಕೂಸಲ್ವಾ?”

“ಅಲ್ಲಮ್ಮ.”

“ಮತ್ಯಾರವ್ವಾ?”

ಹಾರ್ಮೋನು ಎಂದೆ. ಆ ಹೆಸರು ಕೇಳಿದ್ದೇ ತಟ್ಟೆ ಎತ್ತಿಕೊಂಡು ಹಿಂದೆ ಸರಿದರು. ತಟ್ಟೆಯಿದ್ದ ಜಾಗದಲ್ಲಿ ಸವಿತಳ ಬೆರಳುಗಳು ಇನ್ನೂ ತುತ್ತು ಕಟ್ಟುತ್ತಿದ್ದವು.

“ನಾಳೆ ಒತ್ತಾರೆನೇ ಕರ್ಕೊಂಡೋಯ್ತೀನಿ,” ಅಂದರು ಜಯಮ್ಮ, ದನಿ ತಗ್ಗಿಸಿ, ಅವಳೊಳಗಿನ ಯಾರಿಗೋ ಕೇಳಿಸಬಾರದು ಎನ್ನುವಂತೆ.

ಆಸ್ಪತ್ರೆಗೆ ತಾನೇ, ಎಂದು ನಾನು ಎರಡು ಸಲ ಕೇಳಬೇಕಾಯಿತು.