ಕೋಣನಕುಂಟೆಯ ಸೊನ್ನೆ

ಜನರಿಗೆ ಬೇಕಾದ್ದನ್ನು ಹುಡುಕಿಕೊಡುವ ವೆಬ್ ಪುಟಗಳನ್ನು ಬರೆಯುವುದು ನನ್ನ ಹೊಟ್ಟೆಪಾಡು. ಪುಟದ ಮೇಲಿನ ಪಟ್ಟಿಯಲ್ಲಿ ನೀವು ಏನನ್ನೋ ಆರಿಸುತ್ತೀರಿ. ಪುಟ ಹಿಂದುಗಡೆ ಇರುವ ಡೇಟಾಬೇಸಿಗೆ ಹೋಗಿ, ಅದಕ್ಕೆ ಹೊಂದುವ ಸಾಲುಗಳನ್ನಷ್ಟೇ ಮೊರದಲ್ಲಿ ಕೇರಿದ ಹಾಗೆ ಕೇರಿ ತಂದು ನಿಮ್ಮ ಮುಂದೆ ಇಡುತ್ತದೆ. ಏನೂ ಸಿಗದಿದ್ದರೆ ಏನು ಹೇಳಬೇಕು ಅನ್ನುವುದನ್ನೂ ನಾವೇ ಮೊದಲು ಬರೆದಿಟ್ಟಿರಬೇಕು. ಇಪ್ಪತ್ತು ವರ್ಷದಲ್ಲಿ ಇಂಥ ಪುಟ ಎಷ್ಟು ಬರೆದೆನೋ ನೆನಪಿಲ್ಲ. ಅದರಿಂದ ಬಂದ ಕೊಬ್ಬೂ ಸ್ವಲ್ಪ ಇತ್ತು. ಅದು ಇಳಿದದ್ದು ಕೋಣನಕುಂಟೆಯಲ್ಲಿ.

ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮಿಸ್ ಈಗಲೂ ಜಯನಗರದಲ್ಲೇ ಇದ್ದಾರೆ. ರಿಟೈರ್ ಆದ ಮೇಲೆ ಅವರಿಗೊಂದು ಹುಚ್ಚು ಹಿಡಿಯಿತು. ಕನಕಪುರ ರಸ್ತೆಯ ಆಚೀಚೆ ಇರುವ ಹಳೆಯ ಊರುಗಳಲ್ಲಿ ಒಂದೊಂದು ಹೊಲಕ್ಕೂ ಒಂದೊಂದು ಹೆಸರಿತ್ತಲ್ಲ, ಅವನ್ನೆಲ್ಲ ಬರೆದಿಡುವ ಹುಚ್ಚು. ಕಣದ ಹೊಲ, ನರಿ ದಿಬ್ಬ, ಬಸವನ ಮಾನ್ಯ, ಹುಣಸೆಮರದ ಗದ್ದೆ. ಈಗ ಅಲ್ಲೆಲ್ಲ ಅಪಾರ್ಟ್‌ಮೆಂಟು. ಗೇಟಿನ ಮೇಲಿನ ಹೆಸರು ಓದಿದರೆ ನಾವೇನು ಇಟಲಿಗೆ ಬಂದುಬಿಟ್ಟೆವೋ ಅನ್ನಿಸುತ್ತದೆ. ಮಿಸ್ ಎರಡು ವರ್ಷ ಒಂದು ಬಟ್ಟೆ ಚೀಲದಲ್ಲಿ ನೋಟ್‌ಬುಕ್ಕು, ಕೊಡೆ, ನೀರಿನ ಬಾಟಲು ಹಾಕಿಕೊಂಡು ಊರೂರು ತಿರುಗಿದರು. ಮನೆಗೆ ಬಂದು ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಿದ್ದರು: ಊರು ಯಾವುದು, ಹೊಲದ ಹೆಸರೇನು, ಹೇಳಿದವರು ಯಾರು, ಆ ಹೆಸರು ಯಾಕೆ ಬಂತು. ಇದನ್ನು ಎಲ್ಲರೂ ನೋಡುವ ಹಾಗೆ ಒಂದು ಪುಟ ಮಾಡಿಕೊಡ್ತೀಯೇನೇ ಎಂದು ಕೇಳಿದಾಗ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಎರಡು ಭಾನುವಾರದ ಕೆಲಸ ಅಂದುಕೊಂಡೆ.

ಅವರಿಗೆ ಅವಸರವಿತ್ತು. ಯಾಕೆಂದು ಗೊತ್ತಾದದ್ದು ಒಂದು ಸಂಜೆ, ಅವರ ಅಡುಗೆಮನೆಯಲ್ಲಿ. ಕಾಫಿ ಬಗ್ಗಿಸುತ್ತಾ, ಹಿಂದಿನ ದಿನ ಮನೆ ಬೀಗದಕೈ ಅಕ್ಕಿ ಡಬ್ಬದಲ್ಲಿ ಸಿಕ್ಕಿತು ಎಂದರು. ಅದಕ್ಕೆ ಮುಂಚೆ ಒಂದು ಸಲ ಪಕ್ಕದ ಬೀದಿಯ ಹೆಸರೇ ಹೊಳೆಯಲಿಲ್ಲವಂತೆ. ಅವರ ತಾಯಿಗೂ ಇದೇ ವಯಸ್ಸಿನಲ್ಲಿ ಹೀಗೇ ಶುರುವಾಗಿ, ಕೊನೆಗೆ ಹೆತ್ತ ಮಕ್ಕಳ ಗುರುತೂ ಹತ್ತುತ್ತಿರಲಿಲ್ಲ. ನಿನ್ನ ಪುಟ ಮುಗಿಯೋವರೆಗೆ ನನ್ನ ತಲೆ ನೆಟ್ಟಗಿದ್ದರೆ ಸಾಕು ಎಂದು ನಗುತ್ತಲೇ ಹೇಳಿದರು. ಯಾರಿಗೆ ಮರೆವಿಲ್ಲ ಮಿಸ್, ನಾನು ಗಾಡಿ ನಿಲ್ಲಿಸಿದ ಜಾಗವನ್ನೇ ಮರೆಯುತ್ತೇನೆ ಎಂದು ಏನೋ ಸಮಾಧಾನ ಹೇಳಿ ಬಂದೆ. ಮನಸ್ಸಿಗೆ ಮಾತ್ರ ಹೆದರಿಕೆಯಾಗಿತ್ತು.

ಪುಟ ಸಿದ್ಧವಾಯಿತು. ಮೇಲೆ ಊರುಗಳ ಪಟ್ಟಿ, ಅದನ್ನು ನಾನೇ ಟೈಪ್ ಮಾಡಿದ್ದು. ಕೆಳಗೆ, ಆರಿಸಿದ ಊರಿನ ಹೊಲಗಳು, ಅವು ಮಿಸ್ ಟೈಪ್ ಮಾಡಿಕೊಟ್ಟ ಪಟ್ಟಿಯಿಂದ ಬರುವವು. ನನ್ನ ಮನೆ ಇರುವುದು ಜೆ.ಪಿ. ನಗರದಲ್ಲಿ, ಹಾಗಾಗಿ ಹತ್ತಿರದ ಸಾರಕ್ಕಿ ಮತ್ತು ಪುಟ್ಟೇನಹಳ್ಳಿ ಆರಿಸಿ ನೋಡಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೆಸರುಗಳು ಬಂದವು. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಸಾಲದೇ, ನಾನಂತೂ ಎರಡು ಹಿಸುಕಿದ್ದೇನೆ ಎಂದು ಅಲ್ಲಿಗೇ ಬಿಟ್ಟೆ.

ಮೊದಲು ತೋರಿಸಬೇಕಾದ್ದು ಕೋಣನಕುಂಟೆಯ ಅಜ್ಜಿಗೆ ಎಂದು ಮಿಸ್ ಹಟ ಹಿಡಿದರು. ಅವರಿಗೆ ಅತಿ ಹೆಚ್ಚು ಹೆಸರು ಕೊಟ್ಟವರು ಆ ಅಜ್ಜಿ. ಒಂದು ಕಾಲಕ್ಕೆ ತಾವೇ ಕಳೆ ಕಿತ್ತ ರಾಗಿ ಹೊಲದಲ್ಲಿ ಈಗ ಅವರದೇ ಮೂರಂತಸ್ತಿನ ಬಾಡಿಗೆ ಮನೆ. ಕೆಳಗಿನ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು, ಬಾಡಿಗೆಯವರು ನೀರಿನ ಮೋಟರ್ ನಿಲ್ಲಿಸಿದರೋ ಇಲ್ಲವೋ ಎಂದು ಕಾಯುತ್ತಾ ಕೂತಿರುತ್ತಾರೆ. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಹೋದೆವು. ಮಿಸ್ ಒಳ್ಳೆಯ ಸೀರೆ ಉಟ್ಟಿದ್ದರು. ಅಜ್ಜಿಯ ಪಕ್ಕ ಕೂತು, ನೋಡಿ ಅಜ್ಜಿ, ನೀವು ಹೇಳಿದ್ದೆಲ್ಲ ಇದರಲ್ಲಿ ಬರುತ್ತೆ ಎಂದು ಕನ್ನಡಕ ಸರಿಮಾಡಿಕೊಂಡರು. ನಾನು ಕೋಣನಕುಂಟೆ ಆರಿಸಿದೆ.

ಪುಟ ಒಂದು ಕ್ಷಣ ಯೋಚಿಸಿ, ನಾನೇ ಬರೆದಿಟ್ಟಿದ್ದ ಮಾತನ್ನು ಹೇಳಿತು: ಈ ಊರಿನ ಹೆಸರುಗಳು ಸಿಗಲಿಲ್ಲ. ಒಟ್ಟು: ೦. ಕನ್ನಡದ್ದೇ ಅಂಕಿ ಇರಲಿ ಎಂದು ಹೆಮ್ಮೆಯಿಂದ ಹಾಕಿದ್ದ ಸೊನ್ನೆ ಅದು.

ಇನ್ನೊಂದು ಸಲ ಆರಿಸಿದೆ. ಅದೇ. ನಾನು ಯೋಚನೆ ಮಾಡದೆ ಅಂದುಬಿಟ್ಟೆ.

“ಇವನ್ನ ನೀವಿನ್ನೂ ಸೇರಿಸಿಲ್ಲ ಅನ್ಸುತ್ತೆ ಮಿಸ್. ಮರ್ತಿರ್ತೀರಿ.”

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಏನಂದೆ ಎಂದು ನನಗೆ ತಿಳಿಯಿತು. ಮಿಸ್ ಪರದೆಯನ್ನು ನೋಡುತ್ತಲೇ ಇದ್ದರು. ಸೇರಿಸಿದ ಹಾಗೆ ನೆನಪಿತ್ತು, ಆದರೆ ನನ್ನ ನೆನಪನ್ನ ಈಗ ನಂಬೋ ಹಾಗಿಲ್ಲ ಎಂದು ಮೆಲ್ಲಗೆ ಹೇಳಿದರು. ಅಜ್ಜಿ ಮಾತ್ರ ನಿರಾಳವಾಗಿ, ಅದಕ್ಯಾಕೆ ಬೇಜಾರು ಬುಡವ್ವ, ಹೊಲ ಹೋದ್ರೂ ಹೆಸ್ರು ನನ್ ಬಾಯಲ್ಲೇ ಅವೆ, ಇನ್ನೊಂದ್ ಕಿತ ಯೋಳ್ತೀನಿ ಬರ್ಕೊ ಎಂದರು. ಮಿಸ್ ಪೆನ್ನು ತೆಗೆಯಲಿಲ್ಲ. ನಾನು ಅಲ್ಲೇ ಅವರ ಪಟ್ಟಿಯನ್ನು ತೆರೆದು ನೋಡಬಹುದಿತ್ತು. ನೋಡಲಿಲ್ಲ. ನನ್ನ ಪುಟದ ಮೇಲೆ ನನಗೆ ಅನುಮಾನವೇ ಬರಲಿಲ್ಲ, ಅವರ ತಲೆಯ ಮೇಲೆ ಬಂತು. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ವಾಪಸು ಮೆಟ್ರೋದಲ್ಲಿ ಬಂದೆವು. ಮಿಸ್ ಜಯನಗರದವರೆಗೆ ಹೋಗಬೇಕು, ನಾನು ಜೆ.ಪಿ. ನಗರದಲ್ಲಿ ಇಳಿಯಬೇಕು. ನಾನು ಇಳಿಯಲು ಏಳುವಾಗ ಅವರು ಆ ಬಟ್ಟೆ ಚೀಲವನ್ನು ನನ್ನ ಕೈಗೆ ಕೊಟ್ಟರು.

“ನೋಟ್‌ಬುಕ್ಕೆಲ್ಲ ಇನ್ಮೇಲೆ ನಿನ್ನ ಹತ್ರನೇ ಇರ್ಲಿ. ನನ್ನ ಹತ್ರ ಇದ್ರೆ ಎಲ್ಲಾದ್ರೂ ಕಳೆದುಬಿಡ್ತೀನಿ.”

ಮಾರನೆಯ ಬೆಳಿಗ್ಗೆ, ಕೋಣನಕುಂಟೆಯ ಹೆಸರುಗಳನ್ನು ನಾನೇ ಟೈಪ್ ಮಾಡಿ ಸೇರಿಸಿಬಿಡೋಣ ಎಂದು ಕೂತೆ. ನೋಟ್‌ಬುಕ್ಕನ್ನು ಪಕ್ಕಕ್ಕಿಟ್ಟುಕೊಂಡು ಅವರು ಕೊಟ್ಟ ಪಟ್ಟಿಯನ್ನು ತೆರೆದರೆ, ಎಲ್ಲ ಅಲ್ಲೇ ಇದ್ದವು. ಒಂದೂ ಬಿಟ್ಟಿರಲಿಲ್ಲ. ಅಜ್ಜಿ ಹೇಳಿದ ಕಥೆಗಳೂ ಇದ್ದವು. ನನ್ನ ಕಣ್ಣಿಗೆ ಕಾಣುವುದು ನನ್ನ ಪುಟಕ್ಕೆ ಯಾಕೆ ಕಾಣಲಿಲ್ಲ? ಬೇರೆ ಊರುಗಳನ್ನು ಒಂದೊಂದಾಗಿ ಆರಿಸಿ ನೋಡಿದೆ. ಸಾರಕ್ಕಿ ಬಂತು, ಜರಗನಹಳ್ಳಿ ಬಂತು. ಅಂಜನಾಪುರ ಬರಲಿಲ್ಲ. ಕೋಣನಕುಂಟೆ, ಅಂಜನಾಪುರ ಎಂದು ಎರಡನ್ನೂ ಕಾಗದದ ಮೇಲೆ ಬರೆದು ನೋಡುತ್ತಾ ಕೂತೆ. ಎರಡರಲ್ಲೂ ಇರುವುದು, ಮಿಕ್ಕವುಗಳಲ್ಲಿ ಇಲ್ಲದ್ದು, ಒಂದೇ ಒಂದು. ಸೊನ್ನೆ.

ಅನುಸ್ವಾರ ಎಂಬ ಮಾತು ವ್ಯಾಕರಣದ ಪುಸ್ತಕದಲ್ಲಿ ಮಾತ್ರ. ನಮಗೆಲ್ಲ ಅದು ಸೊನ್ನೆ. ಕು ಬರೆದು ಪಕ್ಕದಲ್ಲಿ ಸೊನ್ನೆ ಹಾಕು, ಕುಂ ಆಯಿತು ಎಂದೇ ಕಲಿತವರು ನಾವು. ಆದರೆ ಕಂಪ್ಯೂಟರಿಗೆ ಸೊನ್ನೆ ಎರಡು: ಅಕ್ಷರದ್ದು ಒಂದು, ಅಂಕಿಯದ್ದು ಇನ್ನೊಂದು. ನೋಡಲು ಅವಳಿಜವಳಿ, ಒಳಗೆ ಸಂಬಂಧವೇ ಇಲ್ಲ. ನಾನು ಊರಿನ ಹೆಸರಿಗೆ ಅಕ್ಷರದ ಸೊನ್ನೆ ಹಾಕಿದ್ದೆ. ಮಿಸ್ ತಮ್ಮ ಪಟ್ಟಿಯಲ್ಲಿ ಉದ್ದಕ್ಕೂ ಅಂಕಿಯ ಸೊನ್ನೆ ಹಾಕಿದ್ದರು. ಪುಟದ ಪಾಲಿಗೆ ಅವು ಬೇರೆ ಬೇರೆ ಊರು. ಎಂಟನೇ ಕ್ಲಾಸಿನ ನನ್ನ ಪ್ರಬಂಧದಲ್ಲಿ ಒಂದು ಸೊನ್ನೆ ಬಿಟ್ಟುಹೋಗಿದ್ದಕ್ಕೆ ಅರ್ಧ ಮಾರ್ಕು ಕಿತ್ತುಕೊಂಡಿದ್ದ ಮಿಸ್, ಇಷ್ಟು ದೊಡ್ಡ ಪಟ್ಟಿಯಲ್ಲಿ ಒಂದೇ ಒಂದು ಸೊನ್ನೆಯನ್ನೂ ಮರೆತಿರಲಿಲ್ಲ.

ಅಕ್ಷರಗಳ ನಡುವೆ ಅಂಕಿಯ ಸೊನ್ನೆ ಸಿಕ್ಕರೆ ಅದನ್ನೂ ಅಕ್ಷರದ ಸೊನ್ನೆ ಎಂದೇ ತಿಳಿ ಎಂದು ಪುಟಕ್ಕೆ ಕಲಿಸಲು ಐದು ನಿಮಿಷ ಸಾಕಾಯಿತು. ಅವರು ಟೈಪ್ ಮಾಡಿದ ಪಟ್ಟಿಯನ್ನು ಮುಟ್ಟಲಿಲ್ಲ. ಇದನ್ನು ಫೋನಿನಲ್ಲಿ ಹೇಳಲು ಮನಸ್ಸಾಗದೆ, ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಚೀಲ ಹಿಡಿದುಕೊಂಡು ಜಯನಗರಕ್ಕೆ ಹೋದೆ.

ಮಿಸ್ ಬಾಗಿಲು ತೆಗೆದು, ಚೀಲ ನೋಡಿ ಮುಖ ಬೇರೆ ಕಡೆ ತಿರುಗಿಸಿದರು. ಕೂತುಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದೆ. ಎರಡೂ ಸೊನ್ನೆ ಬರೆದು ತೋರಿಸು ಎಂದರು. ಬರೆದೆ. ಎರಡೂ ಒಂದೇ ಥರ ಇದೆಯಲ್ಲೇ ಎಂದರು. ಹೌದು ಮಿಸ್ ಎಂದೆ. ಆಮೇಲೆ ನೆನಪಿಸಿಕೊಂಡು ಹೇಳಿದರು: ಶಾಲೆಯ ಪ್ರಶ್ನೆಪತ್ರಿಕೆ ಹೊಡೆಯುತ್ತಿದ್ದ ಅವರ ಹಳೆಯ ಟೈಪ್‌ರೈಟರಿನಲ್ಲಿ ಎರಡಕ್ಕೂ ಒಂದೇ ಕೀಲಿಯನ್ನು ಒತ್ತುತ್ತಿದ್ದರಂತೆ. ಲ್ಯಾಪ್‌ಟಾಪಿನಲ್ಲೂ ದುಂಡಗಿರುವುದನ್ನು ಹುಡುಕಿ ಒತ್ತಿದ್ದಾರೆ, ಅಷ್ಟೆ.

“ತಪ್ಪು ನಂದು ಮಿಸ್. ನೀವು ಮರ್ತಿರ್ಲಿಲ್ಲ.”

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಬಹಳ ಹೊತ್ತು ಒರೆಸಿದರು. ಆಮೇಲೆ ಅದನ್ನು ಹಾಕಿಕೊಂಡು ತಾವೇ ಕೋಣನಕುಂಟೆಯನ್ನು ಆರಿಸಿದರು. ಹೆಸರುಗಳು ಒಂದರ ಕೆಳಗೊಂದು ಬಂದು ಪುಟ ತುಂಬಿತು. ಒಂದನ್ನೂ ಓದದೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, ನೀನು ನೋಡ್ಕೋತಾ ಇರು, ನಾನು ಹೇಳ್ತೀನಿ ಎಂದು ಕಣ್ಣು ಮುಚ್ಚಿಕೊಂಡರು. ಕಣದ ಹೊಲ, ನರಿ ದಿಬ್ಬ, ಹೊಂಗೆಮರದ ಹೊಲ, ಎರಡೆತ್ತಿನ ಗದ್ದೆ, ಬಸವನ ಮಾನ್ಯ. ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ ಹೇಳುತ್ತಾ ಹೋದರು. ನಾನು ಬೆರಳಿಟ್ಟುಕೊಂಡು ಕೆಳಗಿಳಿಯುತ್ತಾ ಹೋದೆ. ಕೊನೆಯ ಹೆಸರು ಮುಗಿದಾಗ ಒಂದು ಸಾಲು ಉಳಿದಿತ್ತು. ಕುಂಟೆ ಕೆಳಗಲ ಹೊಲ.

ಎಷ್ಟು ಬಿಟ್ಟೆ ಎಂದು ಕೇಳಿದರು.

“ಸೊನ್ನೆ ಮಿಸ್.”

ಕಣ್ಣು ಬಿಟ್ಟು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಯಾವ ಸೊನ್ನೆ?”

ಆ ನೋಟಕ್ಕೆ ಎಂಟನೇ ಕ್ಲಾಸಿನಲ್ಲೂ ನನ್ನ ಸುಳ್ಳು ನಿಂತಿರಲಿಲ್ಲ. ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ, ಉಳಿದಿದ್ದ ಸಾಲನ್ನು ತೋರಿಸಿದೆ. ಅವರು ಅದನ್ನು ಎರಡು ಸಲ ಓದಿದರು. ಆಮೇಲೆ ಕೈ ಚಾಚಿದರು.

“ಅರ್ಧ ಮಾರ್ಕ್ ಕಳಿ. ಚೀಲ ಇಲ್ಲಿ ಕೊಡು.”